ಪಿ65 ಕೂತ ಜಾಗ, ಜೀನ್ ಎದ್ದ ಹೊತ್ತು: ಮ್ಯಾಕ್ರೋಫೇಜ್ ಚಿಪ್‌ನಲ್ಲಿ ನನ್ನ ಅನುಭವ

ಪಿ65 ಅಂದರೆ ಡಿಎನ್‌ಎ ಮೇಲೆ ಕೂತು ಉರಿಯೂತದ ಜೀನ್‌ಗಳನ್ನು ಎಬ್ಬಿಸುವ ಎನ್‌ಎಫ್-ಕಪ್ಪಾಬಿಯ ಒಂದು ಪ್ರೋಟೀನ್; ಚಿಪ್ ಅಂದರೆ ಅದು ಎಲ್ಲಿ ಕೂತಿದೆ ಅಂತ ಆ್ಯಂಟಿಬಾಡಿಯಿಂದ ಹಿಡಿದು ನೋಡುವ ವಿಧಾನ. ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೋಫೇಜ್‌ನಲ್ಲಿ (ರೋಗಾಣು ನುಂಗುವ ರಕ್ಷಕ ಸೆಲ್) ಪಿ65 ಚಿಪ್ ಮಾಡಿ, ಆ ಬೈಂಡಿಂಗ್‌ಗೂ ಜೀನ್‌ನ ಚಟುವಟಿಕೆಗೂ ತಾಳೆ ಹಾಕುವುದು ದೊಡ್ಡ ಗ್ರಾಂಟ್ ಇರುವವರ ಕೆಲಸ, ಬರೀ ಕ್ಯೂಪಿಸಿಆರ್ (ಆರಿಸಿದ ಡಿಎನ್‌ಎ ತುಣುಕು ಎಷ್ಟಿದೆ ಅಂತ ಅಳೆಯುವುದು) ಇಟ್ಟುಕೊಂಡು ಆಗುವಂಥದ್ದಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು. ಆಗಿದೆ. ಮೂರು ಬ್ಯಾಚ್ ಇಲಿಗಳಲ್ಲಿ, ಬೇರೆ ಬೇರೆ ತಿಂಗಳಲ್ಲಿ ಮಾಡಿದರೂ ಹನ್ನೆರಡು ಲೋಕಸ್‌ಗಳು (ಡಿಎನ್‌ಎ ಮೇಲಿನ ಜಾಗಗಳು) ಎದ್ದ ಕ್ರಮ ಬದಲಾಗಿಲ್ಲ. ಸೀಕ್ವೆನ್ಸಿಂಗ್‌ಗೆ ಕಳಿಸಿದ್ದು ಕೊನೆಯಲ್ಲಿ, ಎಂಟೇ ಲೈಬ್ರರಿ (ಓದಲು ಸಿದ್ಧ ಮಾಡಿದ ಡಿಎನ್‌ಎ ಸ್ಯಾಂಪಲ್).

ಕೆಲಸ ಕೈಗೂಡಿದ್ದು ಕೇಳುವ ಪ್ರಶ್ನೆ ಬದಲಾಯಿಸಿದ ಮೇಲೆ. ಪಿ65 ಕೂತಿದೆಯೋ ಇಲ್ಲವೋ ಅಂತ ಕೇಳಿದರೆ ಎಲ್ಲ ಕಡೆಯೂ ಕೂತಿರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ಬಸ್ ಹತ್ತುವವರಲ್ಲ. ಕೂತದ್ದು ಯಾವಾಗ ಹೆಚ್ಚಾಯಿತು, ಅದರ ಬೆನ್ನಿಗೇ ಆ ಜೀನ್‌ನ ಇಂಟ್ರಾನ್ ಆರ್‌ಎನ್‌ಎ (ಆಗಷ್ಟೇ ಬರೆದ, ಇನ್ನೂ ಕತ್ತರಿಸದ ಪ್ರತಿ) ಹೆಚ್ಚಾಯಿತೋ ಇಲ್ಲವೋ ಅಂತ ಕೇಳಬೇಕು. ಎಂಆರ್‌ಎನ್‌ಎ ನೋಡಿ ತಾಳೆ ಹಾಕಿದ ಮೊದಲ ಎಂಟು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಹೋಯಿತು.

ಮೊದಲು ಸೆಲ್. ಬ್ಲ್ಯಾಕ್-6 ಇಲಿ, 8ರಿಂದ 10 ವಾರದ್ದು. ತೊಡೆ ಮತ್ತು ಮೊಣಕಾಲ ಕೆಳಗಿನ ಮೂಳೆ, ಎಲ್929 ಸೆಲ್‌ನ ಕಂಡೀಷನ್ಡ್ ಮೀಡಿಯಂ (ಆ ಸೆಲ್ ಬೆಳೆದ ದ್ರವ, ಮ್ಯಾಕ್ರೋಫೇಜ್ ಬೆಳೆಸುವ ಅಂಶ ಅದರಲ್ಲಿರುತ್ತದೆ) 25 ಶೇಕಡಾ, ಏಳು ದಿನ. ಒಂದು ಇಲಿಯಿಂದ ಸುಮಾರು 4 ಕೋಟಿ ಸೆಲ್ ಸಿಗುತ್ತದೆ, ಕೈ ಒಳ್ಳೆಯದಿದ್ದ ದಿನ 5 ಕೋಟಿ. ಒಂದು ಪಿ65 ಐಪಿಗೆ (ಆ್ಯಂಟಿಬಾಡಿಯಿಂದ ಹಿಡಿದೆಳೆಯುವ ಹಂತ) 2 ಕೋಟಿ ಸೆಲ್ ಬೇಕು. ಎಲ್‌ಪಿಎಸ್ (ಸೆಲ್ ಎಬ್ಬಿಸುವ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್) ಕೊಟ್ಟ ಮೇಲೆ 0, 15, 30, 60, 120, 240 ನಿಮಿಷ ಅಂತ ಆರು ಟೈಂ ಪಾಯಿಂಟ್ ಇಟ್ಟುಕೊಂಡರೆ ಒಂದು ರೆಪ್ಲಿಕೇಟ್‌ಗೆ ಮೂರು ಇಲಿ. ಎಲ್929 ಮೀಡಿಯಂ ಅನ್ನು ಒಂದೇ ಸಲ ಎರಡು ಲೀಟರ್ ಮಾಡಿ, ಫಿಲ್ಟರ್ ಮಾಡಿ, 50 ಮಿಲಿ ಟ್ಯೂಬುಗಳಲ್ಲಿ ಫ್ರೀಜ್ ಮಾಡಿಟ್ಟುಕೊಳ್ಳಿ. ಬ್ಯಾಚ್ ಬದಲಾದರೆ ಸೊನ್ನೆ ನಿಮಿಷದ ಬೇಸ್‌ಲೈನೇ ಬದಲಾಗುತ್ತದೆ.

ಆ ಸೊನ್ನೆ ನಿಮಿಷದ ಪ್ಲೇಟೇ ಇಡೀ ಪ್ರಯೋಗದ ಜೀವ. ಹೆಚ್ಚು ಜನ ಸೋಲುವುದೂ ಅಲ್ಲೇ. ಏನೂ ಕೊಡದ ಸೆಲ್‌ನಲ್ಲೂ ಎನ್‌ಎಫ್‌ಕೆಬಿಐಎ (ಪಿ65ಯನ್ನು ತಡೆಯುವ ಐಕಪ್ಪಾಬಿ-ಆಲ್ಫಾ ಪ್ರೋಟೀನಿನ ಜೀನ್) ಪ್ರೊಮೋಟರ್‌ನಲ್ಲಿ, ಅಂದರೆ ಆ ಜೀನ್ ಶುರುವಾಗುವ ಕಡೆ, ಪಿ65 ಇನ್‌ಪುಟ್‌ನ (ಐಪಿಗೆ ಹಾಕಿದ ಒಟ್ಟು ಡಿಎನ್‌ಎ) 0.4 ಶೇಕಡಾ ಕಾಣಿಸುತ್ತಿತ್ತು; ಎಲ್‌ಪಿಎಸ್ ಕೊಟ್ಟ ಪ್ಲೇಟಿನಲ್ಲಿ 1.2. ಮೂರೇ ಪಟ್ಟು. ಆ್ಯಂಟಿಬಾಡಿ ಸರಿಯಿಲ್ಲ ಅಂತ ಮೂರು ಆ್ಯಂಟಿಬಾಡಿ ಬದಲಾಯಿಸಿದ್ದಾಯಿತು, ಒಂದು ಲಕ್ಷ ರೂಪಾಯಿ ಮೇಲೆ ಖರ್ಚು. ತಪ್ಪು ಆ್ಯಂಟಿಬಾಡಿಯದ್ದಲ್ಲ, ಮೀಡಿಯಂ ಬದಲಾಯಿಸಿದ್ದರದ್ದು. ಪ್ರಯೋಗದ ದಿನ ಬೆಳಿಗ್ಗೆ ಹಳೆ ಮೀಡಿಯಂ ತೆಗೆದು ಹೊಸದು ಹಾಕಿದರೆ, ಸೀರಂನಲ್ಲಿರುವ ಚೂರುಪಾರು ಎಂಡೋಟಾಕ್ಸಿನ್, ಆ ತಣ್ಣಗಿನ ಆಘಾತ, ಪ್ಲೇಟ್ ಅಲುಗಾಡಿದ್ದು ಎಲ್ಲ ಸೇರಿ ಮ್ಯಾಕ್ರೋಫೇಜ್ ಎಚ್ಚರವಾಗಿಬಿಡುತ್ತದೆ. ಮ್ಯಾಕ್ರೋಫೇಜ್‌ನಷ್ಟು ತಕರಾರಿನ ಸೆಲ್ ಇನ್ನೊಂದಿಲ್ಲ.

ಈಗ ಮಾಡುವುದು ಹೀಗೆ. ಆರನೇ ದಿನ ಸಂಜೆಯ ನಂತರ ಮೀಡಿಯಂ ಮುಟ್ಟುವ ಹಾಗಿಲ್ಲ. 15 ಸೆಂಟಿಮೀಟರ್ ಪ್ಲೇಟಿನಲ್ಲಿ 20 ಮಿಲಿ ಮೀಡಿಯಂ ಇರುತ್ತದೆ. ಪ್ರತಿ ಪ್ಲೇಟಿನಿಂದ 2 ಮಿಲಿ ಮೆಲ್ಲಗೆ ತೆಗೆದು, ಎಲ್ಲವನ್ನೂ ಒಂದು ಟ್ಯೂಬಿನಲ್ಲಿ ಸೇರಿಸಿ 37 ಡಿಗ್ರಿಯಲ್ಲೇ ಇಟ್ಟುಕೊಂಡು, ಪ್ಲೇಟುಗಳನ್ನು ಎರಡು ಗಂಟೆ ಇನ್‌ಕ್ಯುಬೇಟರ್‌ನಲ್ಲಿ ಸುಮ್ಮನೆ ಬಿಡಬೇಕು. ಆಮೇಲೆ ಅದೇ ಮೀಡಿಯಂನಲ್ಲಿ ಎಲ್‌ಪಿಎಸ್ ಅನ್ನು ಹತ್ತು ಪಟ್ಟು ಗಾಢವಾಗಿ ಕಲಸಿ, 2 ಮಿಲಿ ವಾಪಸ್ ಹಾಕುವುದು. ಕೊನೆಗೆ ಪ್ಲೇಟಿನಲ್ಲಿ 100 ನ್ಯಾನೋಗ್ರಾಂ ಪ್ರತಿ ಮಿಲಿ. ಸೊನ್ನೆ ನಿಮಿಷದ ಪ್ಲೇಟಿಗೂ ಎಲ್‌ಪಿಎಸ್ ಇಲ್ಲದ 2 ಮಿಲಿ ಹಾಕಲೇಬೇಕು, ಹಾಕಿ 30 ನಿಮಿಷ ಕಾದು ಫಿಕ್ಸ್ ಮಾಡಬೇಕು. ಬರೀ ಮುಟ್ಟದ ಪ್ಲೇಟನ್ನು ಕಂಟ್ರೋಲ್ ಅಂದುಕೊಳ್ಳಬೇಡಿ. ಇಷ್ಟು ಮಾಡಿದ ಮೇಲೆ ಸೊನ್ನೆಯಲ್ಲಿ 0.03, ಮೂವತ್ತರಲ್ಲಿ 1.5ರ ಆಸುಪಾಸು. ಐವತ್ತು ಪಟ್ಟು, ಅದೇ ಆ್ಯಂಟಿಬಾಡಿಯಲ್ಲಿ!

ಎಲ್‌ಪಿಎಸ್ ಸ್ಟಾಕ್ ಬಗ್ಗೆ ಒಂದು ಮಾತು. ಅದು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ, ಉಂಡೆ ಕಟ್ಟುತ್ತದೆ. ತೆಗೆದ ಪ್ರತಿ ಸಲ ಒಂದು ನಿಮಿಷ ವೋರ್ಟೆಕ್ಸ್ ಮಾಡದಿದ್ದರೆ ಒಂದು ಪ್ಲೇಟಿಗೆ 100 ಬಿದ್ದರೆ ಇನ್ನೊಂದಕ್ಕೆ 30 ಬೀಳುತ್ತದೆ. ಶುದ್ಧ ದರ್ಜೆಯದ್ದೇ ತೆಗೆದುಕೊಳ್ಳಿ. ಅಗ್ಗದ್ದರಲ್ಲಿ ಲಿಪೊಪ್ರೋಟೀನ್ ಕಲಬೆರಕೆ ಇರುತ್ತದೆ, ಎಲ್‌ಪಿಎಸ್ ಗುರುತಿಸುವ ರಿಸೆಪ್ಟರ್ ಟಿಎಲ್‌ಆರ್4 ಜೊತೆ ಲಿಪೊಪ್ರೋಟೀನ್ ಗುರುತಿಸುವ ಟಿಎಲ್‌ಆರ್2 ಕೂಡ ಎದ್ದು ಕೂರುತ್ತದೆ. ಸಿಸಿಎಲ್5ನಂಥ ಜೀನ್ ನೋಡುವವರಿಗೆ ಈ ವ್ಯತ್ಯಾಸ ದೊಡ್ಡದು. ಯಾಕೆಂದು ಮುಂದೆ ಹೇಳುತ್ತೇನೆ.

ಫಿಕ್ಸಿಂಗ್‌ಗೆ, ಅಂದರೆ ಪ್ರೋಟೀನನ್ನು ಡಿಎನ್‌ಎಗೆ ಬಿಗಿದು ನಿಲ್ಲಿಸುವುದಕ್ಕೆ, ಬರೋಣ. ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ಚಿಪ್ ಮಾಡಿ ಪಳಗಿದವರು 1 ಶೇಕಡಾ ಫಾರ್ಮಾಲ್ಡಿಹೈಡ್ 10 ನಿಮಿಷಕ್ಕೆ ನಿಲ್ಲಿಸುತ್ತಾರೆ. ಪಿ65ಗೆ ಅಷ್ಟು ಸಾಲದು. ಅದು ಡಿಎನ್‌ಎ ಮೇಲೆ ಸೆಕೆಂಡುಗಳ ಲೆಕ್ಕದಲ್ಲಿ ಕೂತು ಏಳುವ ಪ್ರೋಟೀನ್. ಮೊದಲು ಪ್ರೋಟೀನ್-ಪ್ರೋಟೀನ್ ಸಂಬಂಧಗಳನ್ನು ಡಿಎಸ್‌ಜಿ ಅನ್ನುವ ಕ್ರಾಸ್‌ಲಿಂಕರ್‌ನಿಂದ ಬಿಗಿದು, ಆಮೇಲೆ ಫಾರ್ಮಾಲ್ಡಿಹೈಡ್ ಹಾಕಬೇಕು. ವಿಧಾನ 2005ರಿಂದಲೂ ಇದೆ, ಹೊಸದೇನಲ್ಲ. ಹಾಳಾಗುವುದು ಡಿಎಸ್‌ಜಿ ಕರಗಿಸುವ ಹಂತದಲ್ಲಿ.

ಸೀಸೆಯನ್ನು ಮೈನಸ್ 20ರಿಂದ ತೆಗೆದು ಕೂಡಲೇ ಮುಚ್ಚಳ ತೆರೆದರೆ ಒಳಗೆ ನೀರು ಬೆವರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ನೀರು ತಾಗಿದ ಡಿಎಸ್‌ಜಿ ಸತ್ತ ಡಿಎಸ್‌ಜಿ, ನೋಡಲು ಮಾತ್ರ ಅದೇ ಬಿಳಿ ಪುಡಿ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿದ ಸೀಸೆಯನ್ನು ಒಂದು ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಹೊಸದಾಗಿ ತೆರೆದ ಒಣ ಡಿಎಂಎಸ್‌ಓನಲ್ಲಿ 0.25 ಮೋಲಾರ್ ಮಾಡಿ, ಅಂದರೆ ಒಂದು ಮಿಲಿಗೆ 82 ಮಿಲಿಗ್ರಾಂ ಹತ್ತಿರ. ಪಿಬಿಎಸ್ ಕೋಣೆಯ ತಾಪಮಾನದ್ದಿರಬೇಕು, ಫ್ರಿಜ್ಜಿನದ್ದಲ್ಲ. ಪಿಬಿಎಸ್ ತಿರುಗುತ್ತಿರುವಾಗ ಹನಿಹನಿಯಾಗಿ ಬಿಟ್ಟರೆ ತೆಳು ಮಜ್ಜಿಗೆಯ ಹಾಗೆ ಒಂದು ಕ್ಷಣ ಮಬ್ಬಾಗಿ ತಿಳಿಯಾಗುತ್ತದೆ. ತಿಳಿಯಾಗದೆ ಸೂಜಿಯಂಥ ಹರಳು ಕಾಣಿಸಿದರೆ ಚೆಲ್ಲಿ ಮತ್ತೆ ಮಾಡಿ. ಆ ಹರಳು ಸೆಲ್ ಮೇಲೆ ಕೂತು ಪ್ಲೇಟಿನ ಒಂದು ಕಡೆ ಕಲ್ಲಿನಂತೆ ಫಿಕ್ಸ್ ಆಗಿ, ಇನ್ನೊಂದು ಕಡೆ ಏನೂ ಆಗಿರುವುದಿಲ್ಲ. ಕೊನೆಯ ಪ್ರಮಾಣ 2 ಮಿಲಿಮೋಲಾರ್, 30 ನಿಮಿಷ, ರಾಕರ್ ಮೇಲೆ. ಅದಕ್ಕೆ ಮುಂಚೆ ಸೀರಂ ಹೋಗುವ ಹಾಗೆ ಎರಡು ಸಲ ಪಿಬಿಎಸ್‌ನಲ್ಲಿ ತೊಳೆಯಬೇಕು. ಟ್ರಿಸ್ ಬಫರ್ ಹತ್ತಿರವೂ ಸುಳಿಯಬಾರದು. ಅದರ ಅಮೀನ್ ಡಿಎಸ್‌ಜಿಯನ್ನು ನುಂಗಿಬಿಡುತ್ತದೆ.

ಪ್ಲೇಟಿಗೆ 20 ಮಿಲಿ ಹಾಕಿದರೆ 13 ಮಿಲಿಗ್ರಾಂ ಡಿಎಸ್‌ಜಿ ಹೋಗುತ್ತದೆ, 50 ಮಿಲಿಗ್ರಾಂ ಸೀಸೆ ನಾಲ್ಕು ಪ್ಲೇಟಿಗೂ ಬರುವುದಿಲ್ಲ. 10 ಮಿಲಿ ಸಾಕು, ರಾಕರ್ ಮಟ್ಟವಾಗಿದ್ದರೆ. ಆರು ಪ್ಲೇಟಿಗೆ 40 ಮಿಲಿಗ್ರಾಂನಲ್ಲಿ ಮುಗಿಯುತ್ತದೆ. ಆಮೇಲೆ ಒಂದು ಸಲ ತೊಳೆದು ಫಾರ್ಮಾಲ್ಡಿಹೈಡ್ 1 ಶೇಕಡಾ 10 ನಿಮಿಷ, ಮೆಥನಾಲ್ ಇಲ್ಲದ ಆಂಪ್ಯೂಲಿನದ್ದು, ಒಡೆದ ದಿನವೇ ಮುಗಿಸುವುದು. ಗ್ಲೈಸಿನ್ 125 ಮಿಲಿಮೋಲಾರ್ 5 ನಿಮಿಷ. ಕೆರೆದು ತೆಗೆಯುವುದು ಇದೆಲ್ಲ ಆದ ಮೇಲೆ; ಮೊದಲೇ ಕೆರೆದರೆ ಸೊನ್ನೆ ನಿಮಿಷ ಮತ್ತೆ ಕೆಡುತ್ತದೆ.

ಇಲ್ಲಿ ಒಂದು ಮೋಸ ಅಡಗಿದೆ. 30 ನಿಮಿಷ ಡಿಎಸ್‌ಜಿ ಅಂದಾಗ ಸೆಲ್ ಮೊದಲ ಕ್ಷಣಕ್ಕೇ ನಿಂತುಹೋಗುವುದಿಲ್ಲ. ಮೊದಲ ಕೆಲವು ನಿಮಿಷ ಐಕಪ್ಪಾಬಿ-ಆಲ್ಫಾ ಒಡೆಯುತ್ತಲೇ ಇರುತ್ತದೆ, ಪಿ65 ಒಳಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಚಿಪ್‌ನ "15 ನಿಮಿಷ" ಅನ್ನುವುದು ನಿಜದಲ್ಲಿ 20ರ ಹತ್ತಿರ. ಆದರೆ ಆರ್‌ಎನ್‌ಎ ಪ್ಲೇಟನ್ನು ಟ್ರೈಜಾಲ್ ಹಾಕಿ ಕ್ಷಣದಲ್ಲಿ ನಿಲ್ಲಿಸಿರುತ್ತೀರಿ, ಅದರ 15 ನಿಜವಾದ 15. ಈ ಎರಡು ಗಡಿಯಾರ ಬೇರೆ ಬೇರೆ ಓಡುತ್ತಿರುವುದನ್ನು ಮರೆತು "ಬೈಂಡಿಂಗ್ ಮೊದಲು ಬಂತು, ಆರ್‌ಎನ್‌ಎ ಆಮೇಲೆ" ಅಂತ ಬರೆದ ಪೋಸ್ಟರ್‌ಗಳನ್ನು ನೋಡಿದ್ದೇನೆ. 15 ಮತ್ತು 30 ನಿಮಿಷಗಳಿಗೆ ಬರೀ ಫಾರ್ಮಾಲ್ಡಿಹೈಡ್‌ನ ಒಂದೊಂದು ಪ್ಲೇಟ್ ಕೂಡ ಇಟ್ಟುಕೊಳ್ಳಿ. ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಲೋಕಸ್‌ಗಳ ಕ್ರಮ ಅದೇ ಬಂದರೆ ನೆಮ್ಮದಿ.

ಸೋನಿಕೇಷನ್. ಅಂದರೆ ಕ್ರೊಮ್ಯಾಟಿನ್ (ಪ್ರೋಟೀನ್ ಸಮೇತ ಡಿಎನ್‌ಎ) ಅನ್ನು ಶಬ್ದದ ಅಲೆಯಿಂದ ತುಂಡರಿಸುವುದು. ಡಿಎಸ್‌ಜಿ ಬಿಗಿದ ಕ್ರೊಮ್ಯಾಟಿನ್ ಮೊಂಡು. ಬರೀ ಫಾರ್ಮಾಲ್ಡಿಹೈಡ್ ಆದರೆ 30 ಸೆಕೆಂಡ್ ಆನ್, 30 ಸೆಕೆಂಡ್ ಆಫ್ ಲೆಕ್ಕದಲ್ಲಿ 12 ಸುತ್ತಿಗೆ 200ರಿಂದ 500 ಬೇಸ್‌ಗೆ ಬರುತ್ತಿದ್ದದ್ದು, ಇದಕ್ಕೆ 22ರಿಂದ 25 ಸುತ್ತು ಬೇಕಾಯಿತು. 2 ಕೋಟಿ ಸೆಲ್ 300 ಮೈಕ್ರೋಲೀಟರ್‌ನಲ್ಲಿ, ಎಸ್‌ಡಿಎಸ್ ಅರ್ಧ ಶೇಕಡಾ. ಒಂದು ಶೇಕಡಾ ಇಟ್ಟರೆ ತಣ್ಣೀರಿನ ತೊಟ್ಟಿಯಲ್ಲಿ ಎಸ್‌ಡಿಎಸ್ ಹರಳುಗಟ್ಟುತ್ತದೆ. ಬಫರ್‌ನಲ್ಲಿ ಪೊಟ್ಯಾಸಿಯಂ ಇದ್ದರೆ ಮುಗಿದೇ ಹೋಯಿತು, ಮೊಸರಿನಂತೆ ಒಡೆಯುತ್ತದೆ. ನೊರೆ ಬಂದ ಟ್ಯೂಬನ್ನು ಹಾಗೇ ಮುಂದುವರಿಸಬೇಡಿ. ನೊರೆಯಲ್ಲಿ ಶಕ್ತಿ ಹೋಗುವುದಿಲ್ಲ, ಪ್ರೋಟೀನ್ ಮಾತ್ರ ಹಾಳಾಗುತ್ತದೆ. ಒಂದು ನಿಮಿಷ ಸ್ಪಿನ್ ಮಾಡಿ ಮತ್ತೆ ಶುರು ಮಾಡಿ.

ಜೆಲ್ ನೋಡುವ ಮುಂಚೆ ಕ್ರಾಸ್‌ಲಿಂಕ್ ಬಿಡಿಸಲೇಬೇಕು, 65 ಡಿಗ್ರಿ ರಾತ್ರಿಯಿಡೀ, ಆರ್‌ಎನ್‌ಏಸ್, ಪ್ರೋಟೀನೇಸ್-ಕೆ. ಆತುರಕ್ಕೆ ಹಾಗೇ ಓಡಿಸಿದರೆ ಎಲ್ಲ ದೊಡ್ಡದಾಗಿಯೇ ಕಾಣಿಸಿ, ಇನ್ನೂ ಹತ್ತು ಸುತ್ತು ಕೊಟ್ಟುಬಿಡುತ್ತೀರಿ. ಅತಿ ಸೋನಿಕೇಷನ್‌ನ ಗುರುತು ಇದು: ಎಚ್3ಕೆ27 ಅಸಿಟೈಲ್ (ಚುರುಕಾದ ಜಾಗದ ಹಿಸ್ಟೋನ್ ಗುರುತು) ಐಪಿ ಚೆನ್ನಾಗಿರುತ್ತದೆ, ಪಿ65 ಐಪಿ ಮಾತ್ರ ಮಲಗಿರುತ್ತದೆ. ಹಿಸ್ಟೋನ್ ತಡೆದುಕೊಳ್ಳುತ್ತದೆ, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ನ ಎಪಿಟೋಪ್ (ಆ್ಯಂಟಿಬಾಡಿ ಹಿಡಿಯುವ ಭಾಗ) ತಡೆಯುವುದಿಲ್ಲ. ಫ್ರೀಜ್ ಮಾಡಿದ ಪೆಲೆಟ್‌ನಿಂದ ಸೋನಿಕೇಟರ್‌ವರೆಗಿನ ನಡುವೆ ನ್ಯೂಕ್ಲಿಯಸ್‌ಗೆ ಮಾಡುವ ಒಂದು ಸಣ್ಣ ಕೆಲಸ ಇದೆ, ಅದರಿಂದ ಐದಾರು ಸುತ್ತು ಉಳಿಯುತ್ತದೆ. ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ.

ಆ್ಯಂಟಿಬಾಡಿ ಅಂದರೆ ದುಡ್ಡಿನ ಮಾತು. ಹಳೆಯ ಪೇಪರ್‌ಗಳಲ್ಲಿ ಎಲ್ಲರೂ ಬಳಸಿದ ಮೊಲದ ಪಾಲಿಕ್ಲೋನಲ್ ಈಗ ಸಿಗುವುದಿಲ್ಲ. ಯಾರದಾದರೂ ಫ್ರಿಜ್ಜಿನ ಮೂಲೆಯಲ್ಲಿ ಸಿಕ್ಕರೂ ನಂಬಬೇಡಿ. ಈಗ ಡಿ14ಇ12 ಅನ್ನುವ ಮೊಲದ ಮಾನೋಕ್ಲೋನಲ್. 100 ಮೈಕ್ರೋಲೀಟರ್‌ಗೆ ತೆರಿಗೆ ಸೇರಿ ನಲವತ್ತು ಸಾವಿರದ ಸುತ್ತಮುತ್ತ ಆಯಿತು ಅಂತ ನೆನಪು. ಒಂದು ಐಪಿಗೆ 10 ಮೈಕ್ರೋಲೀಟರ್ ಹಾಕಿ ಅಂತಾರೆ, ಅಂದರೆ ಐಪಿಗೆ ನಾಲ್ಕು ಸಾವಿರ. 10, 6, 4, 2 ಅಂತ ಇಳಿಸಿ ನೋಡಿದ್ದಾಯಿತು. 4ರವರೆಗೆ ಶಿಖರ ಇಳಿಯಲಿಲ್ಲ, ಹಿನ್ನೆಲೆ ಮಾತ್ರ ಕಡಿಮೆಯಾಯಿತು, 2ಕ್ಕೆ ಬಿತ್ತು. ಆದರೆ ಸೆಲ್ ಸಂಖ್ಯೆ ಎಲ್ಲ ಟ್ಯೂಬಿನಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ 4ರಲ್ಲಿ ಆ್ಯಂಟಿಬಾಡಿಯೇ ಮಿತಿಯಾಗಿ ಟೈಂ ಕೋರ್ಸ್ ಚಪ್ಪಟೆಯಾಗುತ್ತದೆ. ವೆಸ್ಟರ್ನ್‌ನಲ್ಲಿ ಒಂದೇ ಬ್ಯಾಂಡ್ ಬಂತು ಅಂತ ಚಿಪ್‌ಗೆ ಬರುತ್ತದೆ ಅನ್ನುವ ಭರವಸೆ ಬೇಡ. ವಾಶ್‌ಗಳು ಎಂದಿನವೇ: ಕಡಿಮೆ ಉಪ್ಪು, ಹೆಚ್ಚು ಉಪ್ಪು, 250 ಮಿಲಿಮೋಲಾರ್ ಲಿಥಿಯಂ ಕ್ಲೋರೈಡ್, ಟಿಇ. ಲಿಥಿಯಂ ವಾಶ್ ನಂತರ ಟ್ಯೂಬ್ ಬದಲಾಯಿಸಿ, ಟ್ಯೂಬಿನ ಗೋಡೆಗೆ ಅಂಟಿದ ಕ್ರೊಮ್ಯಾಟಿನ್ ಅಲ್ಲೇ ಉಳಿದುಬಿಡುತ್ತದೆ.

ಕ್ಯೂಪಿಸಿಆರ್‌ನಲ್ಲಿ ನೆಗೆಟಿವ್ ಲೋಕಸ್ ಆರಿಸುವ ಬಗ್ಗೆ ಜಗಳವೇ ಆಗಿತ್ತು. ಜೀನ್ ಇಲ್ಲದ ಬಯಲು ಜಾಗ ಒಂದನ್ನು ಇಟ್ಟುಕೊಂಡರೆ ಎಲ್ಲ ಪ್ರೊಮೋಟರೂ ಪಾಸಿಟಿವ್ ಆಗಿಯೇ ಕಾಣಿಸುತ್ತದೆ. ಜೋರಾಗಿ ಓಡುವ ತೆರೆದ ಪ್ರೊಮೋಟರ್‌ಗಳು ಯಾವ ಆ್ಯಂಟಿಬಾಡಿ ಹಾಕಿದರೂ ಅಷ್ಟಿಷ್ಟು ಮೇಲೆ ಬರುತ್ತವೆ. 2013ರಲ್ಲಿ ಯೀಸ್ಟ್‌ನಲ್ಲಿ ಇದನ್ನು ತೋರಿಸಿದ್ದಾರೆ, ಸೆಲ್‌ನಲ್ಲಿ ಸುಮ್ಮನೆ ಓಡಾಡುವ ಜಿಎಫ್‌ಪಿ ಅನ್ನುವ ಹೊಳೆಯುವ ಪ್ರೋಟೀನನ್ನು ಚಿಪ್ ಮಾಡಿದರೂ ಅದೇ ಜಾಗಗಳು ಎದ್ದವು. ಆದ್ದರಿಂದ ಎರಡು ನೆಗೆಟಿವ್ ಬೇಕು: ಒಂದು ಬಯಲು, ಇನ್ನೊಂದು ಎಲ್‌ಪಿಎಸ್‌ಗೆ ಕದಲದ, ಕಪ್ಪಾಬಿ ಸೈಟ್ (ಪಿ65 ಕೂರುವ ಡಿಎನ್‌ಎ ಬರಹ) ಇಲ್ಲದ, ಸದಾ ಓಡುವ ಒಂದು ಪ್ರೊಮೋಟರ್. ಎರಡನೆಯದಕ್ಕಿಂತ ಐದು ಪಟ್ಟು ಮೇಲಿದ್ದರೆ ಮಾತ್ರ ಬೈಂಡಿಂಗ್ ಅಂತ ಲೆಕ್ಕ. ಈ ಅಳತೆ ಇಟ್ಟಾಗ ಹದಿನೆಂಟು ಲೋಕಸ್‌ನಲ್ಲಿ ಆರು ಬಿದ್ದುಹೋದವು. ಬಿದ್ದವು ಅಂತ ಬೇಸರ ಬೇಡ, ಅವು ಮೊದಲಿಗೇ ಇರಲಿಲ್ಲ.

ಈಗ ಆರ್‌ಎನ್‌ಎ ಕಡೆ. ಹೆಚ್ಚು ತಪ್ಪು ತಾಳೆ ಹುಟ್ಟುವುದು ಇಲ್ಲಿ. ಎಂಆರ್‌ಎನ್‌ಎ ಅಂದರೆ ಟ್ಯಾಂಕಿನ ನೀರಿನ ಮಟ್ಟ. ಪಿ65 ಮುಟ್ಟುವುದು ನಲ್ಲಿಯನ್ನು. ಟಿಎನ್‌ಎಫ್ ಎಂಆರ್‌ಎನ್‌ಎಯ ಬಾಲದಲ್ಲಿ ಎಯು ತುಂಬಿದ ಭಾಗ ಇದೆ, ಟಿಟಿಪಿ ಅನ್ನುವ ಪ್ರೋಟೀನ್ ಬಂದು ಅದನ್ನು ಬೇಗ ಒಡೆಯುತ್ತದೆ. ಸಿಸಿಎಲ್5 ಎಂಆರ್‌ಎನ್‌ಎ ಗಂಟೆಗಟ್ಟಲೆ ಉಳಿಯುತ್ತದೆ. ಎರಡರ ಬೈಂಡಿಂಗ್ ಒಂದೇ ಥರ ಇಳಿದರೂ ಒಂದರ ಎಂಆರ್‌ಎನ್‌ಎ ಬಿದ್ದಿರುತ್ತದೆ, ಇನ್ನೊಂದರದ್ದು ಏರುತ್ತಲೇ ಇರುತ್ತದೆ. ಅದನ್ನು ನೋಡಿ "ಬೈಂಡಿಂಗ್‌ಗೂ ಚಟುವಟಿಕೆಗೂ ಸಂಬಂಧವಿಲ್ಲ" ಅನ್ನುವುದು ಎಷ್ಟು ಸರಿ?

4-ಥಯೋಯುರಿಡಿನ್ ಹಾಕಿ ಹೊಸ ಆರ್‌ಎನ್‌ಎ ಹಿಡಿಯುವುದು ಚೆನ್ನಾಗಿದೆ, ಆದರೆ ದುಬಾರಿ. ಯೂರಿಯಾ ಬಫರ್‌ನಲ್ಲಿ ಕ್ರೊಮ್ಯಾಟಿನ್‌ಗೆ ಅಂಟಿದ ಆರ್‌ಎನ್‌ಎ ಬೇರ್ಪಡಿಸುವುದು ಅಗ್ಗ, ಆದರೆ ಆರು ಪ್ಲೇಟನ್ನು ಒಬ್ಬರೇ ಮಾಡಲು ಆಗುವುದಿಲ್ಲ. ಕಡೆಗೆ ನಿಂತದ್ದು ಬರೀ ಇಂಟ್ರಾನ್ ಪ್ರೈಮರ್ ಮೇಲೆ. ಒಂದು ಜೋಡಿಗೆ ಐನೂರು ರೂಪಾಯಿಯೂ ಆಗುವುದಿಲ್ಲ. ಎಕ್ಸಾನ್‌ನಲ್ಲಿ ಒಂದು, ಇಂಟ್ರಾನ್‌ನಲ್ಲಿ ಒಂದು, ನಡುವೆ 80ರಿಂದ 130 ಬೇಸ್. ಯಾವಾಗಲೂ ಮೊದಲ ಇಂಟ್ರಾನ್. ಟಿಎನ್‌ಎಫ್, ಎನ್‌ಎಫ್‌ಕೆಬಿಐಎ ಪುಟ್ಟ ಜೀನ್‌ಗಳು, ಎಲ್ಲಿಟ್ಟರೂ ನಡೆಯುತ್ತದೆ. ಆದರೆ ಎನ್‌ಎಫ್‌ಕೆಬಿ1 ನೂರು ಕಿಲೋಬೇಸ್ ದಾಟಿದ್ದು. ಪಾಲಿಮರೇಸ್ ನಿಮಿಷಕ್ಕೆ ಎರಡು ಮೂರು ಕಿಲೋಬೇಸ್ ಓಡುತ್ತದೆ, ಕೊನೆಯ ಎಕ್ಸಾನ್‌ನಲ್ಲಿ ಪ್ರೈಮರ್ ಇಟ್ಟರೆ 40 ನಿಮಿಷ ತಡವಾಗಿ ಕಾಣಿಸುತ್ತದೆ. ಇದನ್ನು ಗಮನಿಸದೆ "ತಡವಾಗಿ ಏಳುವ ಜೀನ್" ಅಂತ ಪಟ್ಟಿ ಮಾಡಿಟ್ಟಿದ್ದೆವು.

ಇಂಟ್ರಾನ್ ಪ್ರೈಮರ್‌ನ ಶತ್ರು ಜೀನೋಮಿಕ್ ಡಿಎನ್‌ಎ. ಕಾಲಂ ಮೇಲಿನ ಡಿಎನ್‌ಏಸ್ ಸಾಲದು. ಆರ್‌ಎನ್‌ಎ ತೆಗೆದ ಮೇಲೆ ದ್ರವದಲ್ಲಿ ಮತ್ತೊಂದು ಸಲ ಡಿಎನ್‌ಏಸ್ ಕೊಟ್ಟು, ಆರ್‌ಟಿ (ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಎನ್‌ಜೈಮ್) ಇಲ್ಲದ ಕಂಟ್ರೋಲ್ ಪ್ರತಿ ಸ್ಯಾಂಪಲ್‌ಗೂ ಓಡಿಸಿ. ಎರಡರ ನಡುವೆ ಕನಿಷ್ಠ 6 ಸೈಕಲ್ ಅಂತರ ಬೇಕು. ಸೊನ್ನೆ ನಿಮಿಷದಲ್ಲಿ ಸಿಗ್ನಲ್ ಕಡಿಮೆಯಾದ್ದರಿಂದ ಈ ಅಂತರ ಅಲ್ಲೇ ಮೊದಲು ಕುಸಿಯುತ್ತದೆ, ಆಗ ಐವತ್ತು ಪಟ್ಟು ಇದ್ದದ್ದು ಎಂಟು ಪಟ್ಟು ಅಂತ ಕಾಣುತ್ತದೆ. ರ್‍ಯಾಂಡಮ್ ಹೆಕ್ಸಾಮರ್ ಬಳಸಿ. ಎಂಆರ್‌ಎನ್‌ಎಯ ಬಾಲ ಹಿಡಿಯುವ ಆಲಿಗೋ-ಡಿಟಿ ಹಾಕಿದರೆ ಇಂಟ್ರಾನ್ ಎಲ್ಲಿಂದ ಬರಬೇಕು?

ಬಂದ ಚಿತ್ರ ಹೀಗಿದೆ. ಎನ್‌ಎಫ್‌ಕೆಬಿಐಎ, ಟಿಎನ್‌ಎಫ್, ಸಿಎಕ್ಸ್‌ಸಿಎಲ್2 ಮೂರರಲ್ಲೂ ಬೈಂಡಿಂಗ್ 15ಕ್ಕೇ ಏರಿ 30ಕ್ಕೆ ಶಿಖರ ಮುಟ್ಟುತ್ತದೆ, ಇಂಟ್ರಾನ್ ಆರ್‌ಎನ್‌ಎ ಅದರ ಜೊತೆಜೊತೆಗೇ ಏರುತ್ತದೆ. ಈ ಜಾಗಗಳ ಬಾಗಿಲು ಮೊದಲೇ ತೆರೆದಿರುತ್ತದೆ, ಪಿಯು.1 ಮುಂತಾದ ಪ್ರೋಟೀನ್‌ಗಳು ಮ್ಯಾಕ್ರೋಫೇಜ್ ಬೆಳೆಯುವಾಗಲೇ ತೆರೆದಿಟ್ಟದ್ದು. 60ಕ್ಕೆ ಹೊಸ ಐಕಪ್ಪಾಬಿ-ಆಲ್ಫಾ ತಯಾರಾಗಿ ಪಿ65ಯನ್ನು ಎಳೆದೊಯ್ಯುತ್ತದೆ, ಬೈಂಡಿಂಗ್ ಅರ್ಧಕ್ಕೆ ಇಳಿಯುತ್ತದೆ. ಆದರೆ ಎಲ್‌ಪಿಎಸ್‌ನಲ್ಲಿ ಪೂರ್ತಿ ಇಳಿಯುವುದಿಲ್ಲ. ಟಿಎನ್‌ಎಫ್ ಪ್ರೋಟೀನನ್ನೇ ಕೊಟ್ಟು ಮಾಡಿದಾಗ ಕಾಣುವ ಆ ಏರಿಳಿತದ ಅಲೆ ಇಲ್ಲಿ ಸಿಗಲಿಲ್ಲ ಅಂತ ಕೈಚೆಲ್ಲಬೇಡಿ. ಟಿಎಲ್‌ಆರ್4ಗೆ ಟ್ರಿಫ್ ಅನ್ನುವ ಎರಡನೇ ದಾರಿ ಇದೆ, ಅದು ತಡವಾಗಿ ಬಂದು ಅಲೆಯನ್ನು ಮುಚ್ಚಿಬಿಡುತ್ತದೆ.

ಟಿಎನ್‌ಎಫ್‌ನಲ್ಲಿ ಕುತೂಹಲದ್ದು ಒಂದಿದೆ. 120ರಲ್ಲಿ ಬೈಂಡಿಂಗ್ ಇನ್ನೂ ಶಿಖರದ ಅರ್ಧದಷ್ಟಿದ್ದರೂ ಇಂಟ್ರಾನ್ ಆರ್‌ಎನ್‌ಎ ಹತ್ತರಲ್ಲಿ ಒಂದು ಪಾಲಿಗೆ ಬಿದ್ದಿತ್ತು. ಮೂರು ಸಲವೂ ಹಾಗೇ. ಕೂತೇ ಇದೆ, ಕೆಲಸ ನಿಂತಿದೆ. ಪಿ65ಯ ಬಳಗದ, ಜೀನ್ ಎಬ್ಬಿಸದ ಪಿ50 ಜೋಡಿಗಳು ಅದೇ ಸೈಟ್‌ಗೆ ಬಂದು ಸೇರಿಕೊಂಡಿರಬಹುದು, ಅಥವಾ ಸಹಾಯಕ್ಕೆ ಬರುವ ಸಿಬಿಪಿ-ಪಿ300 ಬಿಟ್ಟುಹೋಗಿರಬಹುದು. ಪಿ50 ಚಿಪ್ ಒಂದು ಸಲ ಮಾಡಿದ್ದು ಹದವಾಗಿ ಬಂದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ಐಎಲ್6, ಐಎಲ್12ಬಿ, ಸಿಸಿಎಲ್5 ಬೇರೆ ಜಾತಿ. ನ್ಯೂಕ್ಲಿಯಸ್‌ನಲ್ಲಿ ಪಿ65 30 ನಿಮಿಷಕ್ಕೇ ತುಂಬಿ ತುಳುಕುತ್ತಿದ್ದರೂ ಇವುಗಳ ಪ್ರೊಮೋಟರ್‌ನಲ್ಲಿ ಏನಿಲ್ಲ; 120ಕ್ಕೆ ಬರುತ್ತದೆ. ಎರಡು ಅಲೆಯಲ್ಲಿ ಪಿ65 ಕೂರುವುದನ್ನು 2001ರಲ್ಲೇ ಸ್ವಿಟ್ಜರ್ಲೆಂಡಿನ ನಟೋಲಿ ಗುಂಪು ತೋರಿಸಿತ್ತು. ನಮಗೆ ಬೇಕಾಗಿದ್ದದ್ದು ಇವು ಮೂರೂ ಒಂದೇ ಕಾರಣಕ್ಕೆ ತಡವೇ ಅನ್ನುವುದು. ಅದಕ್ಕೆ ಹೊಸ ಪ್ರೋಟೀನ್ ತಯಾರಿ ತಡೆಯುವ ಸೈಕ್ಲೋಹೆಕ್ಸಿಮೈಡ್ 10 ಮೈಕ್ರೋಗ್ರಾಂ ಪ್ರತಿ ಮಿಲಿ, ಎಲ್‌ಪಿಎಸ್‌ಗೆ 15 ನಿಮಿಷ ಮುಂಚೆ. ಐಎಲ್6, ಐಎಲ್12ಬಿ ಮಲಗಿದವು. ಅವಕ್ಕೆ ಹೊಸ ಪ್ರೋಟೀನ್ ಬೇಕು, ಐಎಲ್6ಗೆ ಐಕಪ್ಪಾಬಿ-ಝೀಟಾ, ಐಎಲ್12ಬಿಗೆ ಪಿ65ಯ ಬಳಗದ ಸಿ-ರೆಲ್‌ನ ನೆರವೂ ಬೇಕು. ಸಿಸಿಎಲ್5 ಎದ್ದಿತು. ಅದಕ್ಕೆ ಹೊಸ ಪ್ರೋಟೀನ್ ಬೇಡ, ಬೇಕಾದದ್ದು ನ್ಯೂಕ್ಲಿಯೋಸೋಮ್ (ಡಿಎನ್‌ಎ ಸುತ್ತಿದ ಹಿಸ್ಟೋನ್ ಉಂಡೆ) ಸರಿಸುವ ಪ್ರೋಟೀನ್‌ಗಳು ಮತ್ತು ಟ್ರಿಫ್ ದಾರಿ ಎಬ್ಬಿಸುವ ಐಆರ್‌ಎಫ್3. ಟಿಎಲ್‌ಆರ್2 ಎಬ್ಬಿಸುವ ಪ್ಯಾಮ್3 ಕೊಟ್ಟಾಗ ಎನ್‌ಎಫ್‌ಕೆಬಿಐಎ ಚೆನ್ನಾಗಿ ಎದ್ದರೂ ಸಿಸಿಎಲ್5 ಹೆಚ್ಚುಕಡಿಮೆ ಸುಮ್ಮನಿತ್ತು, ಯಾಕೆಂದರೆ ಟಿಎಲ್‌ಆರ್2 ದಾರಿಯಲ್ಲಿ ಟ್ರಿಫ್ ಇಲ್ಲ, ಐಆರ್‌ಎಫ್3 ಏಳುವುದಿಲ್ಲ. ಎಲ್‌ಪಿಎಸ್ ಶುದ್ಧ ಇರಬೇಕು ಅಂದದ್ದು ಇದಕ್ಕೇ.

ಸೈಕ್ಲೋಹೆಕ್ಸಿಮೈಡ್‌ಗೆ ಇನ್ನೊಂದು ಮುಖವಿದೆ. ಹೊಸ ಐಕಪ್ಪಾಬಿ-ಆಲ್ಫಾ ಹುಟ್ಟದ್ದರಿಂದ ಪಿ65 ನ್ಯೂಕ್ಲಿಯಸ್‌ನಲ್ಲೇ ಉಳಿದು ಬೈಂಡಿಂಗ್ ಇಳಿಯುವುದೇ ಇಲ್ಲ, ಟಿಎನ್‌ಎಫ್ ಎಂಆರ್‌ಎನ್‌ಎ ಅಂತೂ ಮುಗಿಲು ಮುಟ್ಟುತ್ತದೆ. ಅದು ಬರೀ ಟ್ರಾನ್ಸ್‌ಕ್ರಿಪ್ಷನ್ ಹೆಚ್ಚಿದ್ದಲ್ಲ, ಒಡೆಯುವುದು ನಿಂತದ್ದೂ ಸೇರಿದೆ. ಇಲ್ಲೂ ಇಂಟ್ರಾನ್ ನೋಡಿದರೇ ಸತ್ಯ.

ದಾರಿ ತಪ್ಪಿ ಮಾಡಿದ ಎರಡು ಪ್ರಯೋಗ. ಇಲಿ ಸಿಗದ ತಿಂಗಳಲ್ಲಿ ಟಿಎಚ್‌ಪಿ-1 ಅನ್ನುವ ಮನುಷ್ಯರ ಸೆಲ್‌ಗೆ ಪಿಎಂಎ ಅನ್ನುವ ರಾಸಾಯನಿಕ ಕೊಟ್ಟು ಮ್ಯಾಕ್ರೋಫೇಜ್ ಮಾಡಿದೆವು. ಪಿಎಂಎ ಸ್ವತಃ ಪಿಕೆಸಿ ಮೂಲಕ ಎನ್‌ಎಫ್-ಕಪ್ಪಾಬಿಯನ್ನು ಎಬ್ಬಿಸುತ್ತದೆ, ತೊಳೆದು 48 ಗಂಟೆ ಬಿಟ್ಟರೂ ಸೊನ್ನೆ ನಿಮಿಷ ಸೊನ್ನೆಯಾಗಲಿಲ್ಲ. ಕೈಬಿಟ್ಟೆವು. ಇನ್ನೊಂದು ಕಟ್-ಅಂಡ್-ರನ್ (ಪ್ರೋಟೀನ್ ಕೂತ ಕಡೆ ಮಾತ್ರ ಡಿಎನ್‌ಎ ಕತ್ತರಿಸಿ ತೆಗೆಯುವ ವಿಧಾನ), ಸೆಲ್ ಕಡಿಮೆ ಸಾಕು ಅನ್ನುವ ಆಸೆಗೆ. ಅದರಲ್ಲಿ ಸೆಲ್ ಹಿಡಿಯುವ ಮಣಿಗಳಿಗೆ ಕಾನ್‌ಕೆನಾವಲಿನ್-ಎ ಲೇಪನ ಇರುತ್ತದೆ, ಅದು ಸೆಲ್ ಮೈಮೇಲಿನ ಸಕ್ಕರೆ ಹಿಡಿಯುವ ಲೆಕ್ಟಿನ್. ಜೀವಂತ ಮ್ಯಾಕ್ರೋಫೇಜ್‌ಗೆ ಅದೇ ಒಂದು ಸಿಗ್ನಲ್! ಸೆಲ್ ಬದಲು ನ್ಯೂಕ್ಲಿಯಸ್ ಬಳಸಿ, 0.1 ಶೇಕಡಾ ಫಾರ್ಮಾಲ್ಡಿಹೈಡ್ 2 ನಿಮಿಷ ಮೊದಲೇ ಕೊಟ್ಟಾಗ ಎನ್‌ಎಫ್‌ಕೆಬಿಐಎ ಚೆನ್ನಾಗಿ ಬಂತು, ದುರ್ಬಲ ಎನ್‌ಹ್ಯಾನ್ಸರ್‌ಗಳು (ದೂರದಿಂದ ಜೀನ್ ಎಬ್ಬಿಸುವ ಜಾಗಗಳು) ಬರಲಿಲ್ಲ. ಹಿಸ್ಟೋನ್‌ಗೆ ಅದನ್ನೇ ಇಟ್ಟುಕೊಂಡಿದ್ದೇವೆ, ಪಿ65ಗೆ ಅಲ್ಲ.

ಕೊನೆಗೆ ಸೀಕ್ವೆನ್ಸಿಂಗ್. 0, 30, 120ರ ಎರಡೆರಡು ಪಿ65, ಎರಡು ಇನ್‌ಪುಟ್. ಲೈಬ್ರರಿ, ತಲಾ ಮೂರು ಕೋಟಿ ರೀಡ್ ಸೇರಿ ಒಂದೂವರೆ ಲಕ್ಷದ ಒಳಗೆ ಮುಗಿಯಿತು. ಮೊದಲ ಸಲ ಹೊರಗೆ ಮಾಡಿಸಿದ ಲೈಬ್ರರಿಯಲ್ಲಿ ಮುಕ್ಕಾಲು ಪಾಲು ಡುಪ್ಲಿಕೇಟ್ ಬಂದು ಅರವತ್ತು ಸಾವಿರ ನೀರಿನಲ್ಲಿ ಹೋಮ ಆಗಿತ್ತು. 5 ನ್ಯಾನೋಗ್ರಾಂಗಿಂತ ಕಡಿಮೆ ಡಿಎನ್‌ಎ ಕಳಿಸಿ 18 ಸೈಕಲ್ ಪಿಸಿಆರ್‌ಗೆ ಬಿಡಬೇಡಿ. ಎರಡು ಐಪಿ ಸೇರಿಸಿ ಕಳಿಸಿ, 12 ಸೈಕಲ್ ದಾಟಬಾರದು ಅಂತ ಬರೆದು ಕೊಡಿ.

ಸೊನ್ನೆಗೂ ಮೂವತ್ತಕ್ಕೂ ಹೋಲಿಸುವಾಗ ರೀಡ್ ಸಂಖ್ಯೆಯಿಂದ ನಾರ್ಮಲೈಸ್ ಮಾಡಿದರೆ ಸೊನ್ನೆಯ ಹಿನ್ನೆಲೆ ಉಬ್ಬುತ್ತದೆ. ಸ್ಪೈಕ್-ಇನ್ ಬೇಕು, ಅಂದರೆ ಎಲ್ಲ ಟ್ಯೂಬಿಗೂ ಒಂದೇ ಪ್ರಮಾಣದಲ್ಲಿ ಬೇರೆ ಜಾತಿಯ ಕ್ರೊಮ್ಯಾಟಿನ್ ಬೆರೆಸಿ ಅದನ್ನೇ ಅಳತೆಗೋಲು ಮಾಡುವುದು. ಮಾರುವ ಡ್ರೊಸೋಫಿಲ ಕಿಟ್ ದುಬಾರಿ, ಅದಕ್ಕೆ ಬೇರೆ ಆ್ಯಂಟಿಬಾಡಿ ಬೇರೆ. ಡಿ14ಇ12 ಮನುಷ್ಯನ ಪಿ65ಯನ್ನೂ ಹಿಡಿಯುತ್ತದಲ್ಲ? ಹೀಲಾ ಸೆಲ್‌ಗೆ ಟಿಎನ್‌ಎಫ್ 10 ನ್ಯಾನೋಗ್ರಾಂ 30 ನಿಮಿಷ ಕೊಟ್ಟು, ಹಾಗೇ ಡಿಎಸ್‌ಜಿ-ಫಾರ್ಮಾಲ್ಡಿಹೈಡ್ ಮಾಡಿ, ಸೋನಿಕೇಟ್ ಮಾಡಿ, ಒಂದೇ ಬ್ಯಾಚಿನಲ್ಲಿ ನಲವತ್ತು ಟ್ಯೂಬ್ ಮಾಡಿಟ್ಟೆವು. ಪ್ರತಿ ಐಪಿಗೆ ಡಿಎನ್‌ಎ ಲೆಕ್ಕದಲ್ಲಿ 5 ಶೇಕಡಾ. ಇಲಿ ಮತ್ತು ಮನುಷ್ಯ ಎರಡೂ ಜೀನೋಮ್ ಜೋಡಿಸಿದ ಒಂದೇ ಇಂಡೆಕ್ಸ್‌ಗೆ ಅಲೈನ್ ಮಾಡಿ, ಮ್ಯಾಪಿಂಗ್ ಗುಣಮಟ್ಟ 30ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ ಎಸೆಯಬೇಕು, ಇಲ್ಲದಿದ್ದರೆ ಎರಡೂ ಜಾತಿಯಲ್ಲಿ ಒಂದೇ ಥರ ಇರುವ ಭಾಗಗಳು ಗೊಂದಲ ಮಾಡುತ್ತವೆ. ಖರ್ಚು ಟ್ಯೂಬಿಗೆ ಇನ್ನೂರು ರೂಪಾಯಿಯೂ ಇಲ್ಲ.

ಪೀಕ್ (ಪಿ65 ಎದ್ದು ಕಾಣುವ ಜಾಗ) ಬಂದದ್ದು ಒಂಬತ್ತು ಸಾವಿರದ ಹತ್ತಿರ. ಎದ್ದ ಜೀನ್‌ಗಳು ಕೆಲವು ನೂರು. ಬರೀ ಅಂಕಿ ನೋಡಿದರೆ ಹೆಚ್ಚಿನ ಬೈಂಡಿಂಗ್ ಸುಮ್ಮನೆ ಕೂತದ್ದು. ಹತ್ತಿರದ ಜೀನ್‌ಗೆ ಪೀಕ್ ಕಟ್ಟುವ ಸಾಫ್ಟ್‌ವೇರ್ ಮಾಡುವ ಅನಾಹುತಕ್ಕೆ ಟಿಎನ್‌ಎಫ್ ಲೋಕಸ್ಸೇ ಸಾಕ್ಷಿ: ಇಲಿಯ 17ನೇ ಕ್ರೋಮೋಸೋಮ್‌ನಲ್ಲಿ ಎಲ್‌ಟಿಎ, ಟಿಎನ್‌ಎಫ್, ಎಲ್‌ಟಿಬಿ ಒಂದಕ್ಕೊಂದು ಒತ್ತಿಕೊಂಡು ಕೂತಿವೆ. ನಮ್ಮ ಪಟ್ಟಿಯಲ್ಲಿ ಟಿಎನ್‌ಎಫ್‌ನ ಒಂದು ಒಳ್ಳೆಯ ಪೀಕ್ ಎಲ್‌ಟಿಎ ಹೆಸರಿಗೆ ಬಿದ್ದು, "ಕೂತಿದೆ ಆದರೆ ಜೀನ್ ಎದ್ದಿಲ್ಲ" ಅನ್ನುವ ಡಬ್ಬಿಗೆ ಹೋಗಿತ್ತು. ಹತ್ತಿರದ ಜೀನ್ ಅನ್ನುವುದನ್ನು ಬಿಟ್ಟು, ಎರಡು ಸಿಟಿಸಿಎಫ್ (ಡಿಎನ್‌ಎಗೆ ಗಡಿ ಹಾಕುವ ಪ್ರೋಟೀನ್) ಗಡಿಗಳ ನಡುವಿನ ಎಲ್ಲ ಜೀನ್‌ಗಳನ್ನೂ ನೋಡಿ. ಸ್ಪೈಕ್-ಇನ್ ನಂತರವೂ ಬೈಂಡಿಂಗ್ ನಾಲ್ಕು ಪಟ್ಟು ಏರಿದ್ದು, ಅಲ್ಲೇ ಎಚ್3ಕೆ27 ಅಸಿಟೈಲ್ ಕೂಡ ಏರಿದ್ದು ಮಾತ್ರ ಉಳಿಸಿಕೊಳ್ಳಿ. ಒಂಬತ್ತು ಸಾವಿರ ಆರುನೂರಕ್ಕೆ ಇಳಿಯಿತು. ಆ ಆರುನೂರರಲ್ಲಿ ಮುಕ್ಕಾಲು ಪಾಲಿಗೆ ಗಡಿಯೊಳಗೆ ಇಂಟ್ರಾನ್ ಎದ್ದ ಒಂದಾದರೂ ಜೀನ್ ಇದೆ.

ಅಷ್ಟಾದರೂ ಇದು ತಾಳೆ ಮಾತ್ರ. ಪೀಕ್ ಅಳಿಸಿದರೆ ಜೀನ್ ಮಲಗುತ್ತದೆಯೇ ಅಂತ ನೋಡದೆ ಕಾರಣ ಅನ್ನುವ ಹಾಗಿಲ್ಲ. ಮ್ಯಾಕ್ರೋಫೇಜ್‌ಗೆ ನೇರವಾಗಿ ಡಿಎನ್‌ಎ ತುಂಬಿದರೆ ಒಳಗಿನ ಡಿಎನ್‌ಎ ಸೆನ್ಸರ್‌ಗಳು ಎದ್ದು ಐಆರ್‌ಎಫ್3 ಶುರು ಮಾಡುತ್ತವೆ, ಸಿಸಿಎಲ್5 ಮಟ್ಟಿಗೆ ಪ್ರಯೋಗ ಅಲ್ಲಿಗೇ ಮುಗಿಯಿತು. ಹಾಗಾಗಿ ಆರಿಸಿದ ಜಾಗವನ್ನು ಕತ್ತರಿಸದೆ ಮುಚ್ಚಿಡುವ ಡಿಕ್ಯಾಸ್9-ಕ್ರ್ಯಾಬ್ ಅನ್ನು ಲೆಂಟಿವೈರಸ್‌ನಲ್ಲಿ ಮೂಳೆಮಜ್ಜೆಯ ಮೂಲ ಸೆಲ್‌ಗೇ ಎರಡನೇ ದಿನ ಹಾಕಿ, ಏಳನೇ ದಿನದ ಹೊತ್ತಿಗೆ ಶಾಂತವಾಗುವ ಹಾಗೆ ಮಾಡುತ್ತಿದ್ದೇವೆ. ಐಎಲ್12ಬಿಯ 10 ಕಿಲೋಬೇಸ್ ಮೇಲಿನ ಎನ್‌ಹ್ಯಾನ್ಸರ್‌ಗೆ ಮೂರು ಗೈಡ್ (ಅದನ್ನು ಜಾಗಕ್ಕೆ ಕೊಂಡೊಯ್ಯುವ ಆರ್‌ಎನ್‌ಎ) ಹಾಕಿದ ಮೊದಲ ಪ್ಲೇಟುಗಳಲ್ಲಿ 120ರ ಇಂಟ್ರಾನ್ ಆರ್‌ಎನ್‌ಎ ಮೂರರಲ್ಲಿ ಒಂದಕ್ಕೆ ಇಳಿದಿದೆ, ಎನ್‌ಎಫ್‌ಕೆಬಿಐಎ ಕದಲಿಲ್ಲ. ಗೈಡ್ ಇಲ್ಲದ ವೈರಸ್ ಹಾಕಿದ ಪ್ಲೇಟಿನಲ್ಲಿ ಸೊನ್ನೆ ನಿಮಿಷ 0.06 ಬರುತ್ತಿದೆ, ಅದು 0.03ಕ್ಕೆ ಇಳಿಯುವವರೆಗೆ ಎರಡನೇ ರೆಪ್ಲಿಕೇಟ್ ಶುರು ಮಾಡುವುದಿಲ್ಲ.